ರಟ್ಟಿನ ತುಂಡು ಹಿಡಿದು ಕ್ಯಾಬಿನೆಟ್ ಹುಡುಕಿದ್ದು: ಒಂದೇ 360 ರೇಡಿಯೇಟರ್, ಮೂರು ಕ್ಯಾಬಿನೆಟ್

ಬೆಂಗಳೂರಿನ ಎಸ್‌.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಕ್ಯಾಬಿನೆಟ್ (ಕಂಪ್ಯೂಟರಿನ ಭಾಗಗಳನ್ನೆಲ್ಲ ಹಿಡಿಯುವ ಪೆಟ್ಟಿಗೆ) ನೋಡಲು ಹೋದಾಗ ನನ್ನ ಕೈಯಲ್ಲಿ ಒಂದು ರಟ್ಟಿನ ತುಂಡು ಇತ್ತು. ನನ್ನ ಪ್ರೊಸೆಸರನ್ನು ನೀರಿನಿಂದ ತಂಪಾಗಿಡುವ ಕೂಲರ್‌ನ ರೇಡಿಯೇಟರ್, ಫ್ಯಾನು ಸೇರಿದ ಅಳತೆ ಅದು: ಉದ್ದ 398 ಮಿಮೀ, ಅಗಲ 120, ದಪ್ಪ 63. ಮಿಕ್ಸಿ ಬಂದಿದ್ದ ಡಬ್ಬ ಕತ್ತರಿಸಿ, ಟೇಪ್ ಸುತ್ತಿ ಮಾಡಿದ್ದು. ಅಂಗಡಿಯಲ್ಲಿ ಡಿಸ್‌ಪ್ಲೇಗೆ ಇಟ್ಟ ಕ್ಯಾಬಿನೆಟ್‌ನ ಗಾಜು ತೆಗೆಸುತ್ತಿದ್ದೆ, ರಟ್ಟನ್ನು ಒಳಗೆ ಇಟ್ಟು ನೋಡುತ್ತಿದ್ದೆ. ದೊಡ್ಡ ರೇಡಿಯೇಟರ್ ಹಾಕುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ರಟ್ಟು ಕತ್ತರಿಸಿ.

ಇದನ್ನು ಕಲಿಸಿದ್ದು ನನ್ನ ಹಳೇ ಕ್ಯಾಬಿನೆಟ್. ಅದರ ಹೆಸರು ಇಲ್ಲಿ ಬೇಡ. ಡಬ್ಬದ ಮೇಲೆ 360 ರೇಡಿಯೇಟರ್ ಹಿಡಿಯುತ್ತದೆ ಎಂದು ದೊಡ್ಡದಾಗಿ ಬರೆದಿತ್ತು. ನಂಬಿ ತಂದೆ. ಮೇಲೆ ಕೂರಿಸಲು ಹೋದರೆ ಫ್ಯಾನುಗಳು ಮದರ್‌ಬೋರ್ಡಿನ ಹೀಟ್‌ಸಿಂಕಿಗೆ (ಬಿಸಿ ಇಳಿಸುವ ಲೋಹದ ತುಂಡು) ತಾಗಿದವು. ಒಂದು ಸ್ಕ್ರೂ ಕೂಡ ಹಿಡಿಯಲಿಲ್ಲ.

360 ಎಂದರೆ 120 ಮಿಮೀ ಫ್ಯಾನು ಮೂರು ಕೂರುತ್ತವೆ ಎಂದಷ್ಟೇ ಅರ್ಥ. ರೇಡಿಯೇಟರ್‌ನ ಎರಡೂ ತುದಿಯಲ್ಲಿ ನೀರು ತಿರುಗುವ ತೊಟ್ಟಿ ಇರುತ್ತದೆ. ಅದೂ ಸೇರಿ ಉದ್ದ 400ರ ಹತ್ತಿರ ಹೋಗುತ್ತದೆ. ಇನ್ನು ದಪ್ಪ. ಹೆಚ್ಚಿನ ಕೂಲರ್‌ಗಳಲ್ಲಿ ರೇಡಿಯೇಟರ್ 27 ಮಿಮೀ, ಫ್ಯಾನು 25, ಒಟ್ಟು 52. ನನ್ನದು ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3. ಇದರ ರೇಡಿಯೇಟರ್ 38 ಮಿಮೀ. ಫ್ಯಾನು ಸೇರಿದರೆ 63. ವ್ಯತ್ಯಾಸ 11 ಮಿಮೀ, ಒಂದು ಕಿರುಬೆರಳಿನಷ್ಟು. ಆ ಕಿರುಬೆರಳಿನ ಜಾಗವೇ ಅಲ್ಲಿರಲಿಲ್ಲ.

ಇಷ್ಟು ದೊಡ್ಡ ಕೂಲರ್ ಯಾಕೆ ಬೇಕು ಎಂದು ಕೇಳಬಹುದು. ನನ್ನದು ಇಂಟೆಲ್ ಕೋರ್ ಐ7-14700ಕೆ ಪ್ರೊಸೆಸರ್. ಪೂರ್ತಿ ಕೆಲಸ ಕೊಟ್ಟರೆ 253 ವ್ಯಾಟ್‌ವರೆಗೆ ಎಳೆಯುತ್ತದೆ. 3ಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶದಲ್ಲಿ ಗಂಟೆಗಟ್ಟಲೆ ರೆಂಡರ್ (ಚಿತ್ರ ತಯಾರಾಗುವ ಕೆಲಸ) ಇಡುತ್ತೇನೆ. ದಾವಣಗೆರೆಯ ಬೇಸಿಗೆಯಲ್ಲಿ ಕೋಣೆಯೇ ಕಾದಿರುತ್ತದೆ.

ಕೊನೆಗೆ ಒಂದೇ ಮದರ್‌ಬೋರ್ಡ್, ಒಂದೇ ಕೂಲರ್, ಒಂದೇ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡನ್ನು ಮೂರು ಕ್ಯಾಬಿನೆಟ್‌ಗಳಲ್ಲಿ ಹಾಕಿ ನೋಡಿದೆ. ಕೋರ್ಸೇರ್ 4000ಡಿ ಏರ್‌ಫ್ಲೋ ತಮ್ಮನದು. ಲಿಯಾನ್ ಲಿ ಒ11 ಡೈನಾಮಿಕ್ ಇವೋ ಭಾವಮೈದನದು. ಅವನು ಲ್ಯಾಪ್‌ಟಾಪ್‌ಗೆ ಹೋದ ಮೇಲೆ ಅದು ಖಾಲಿ ಇತ್ತು. ಮೂರನೆಯದು ಕೋರ್ಸೇರ್ 5000ಡಿ ಏರ್‌ಫ್ಲೋ, ನಾನು ಕೊಂಡಿದ್ದು. ಕೂಲರ್ ಬಿಚ್ಚದೆ, ಬೋರ್ಡಿನ ಸಮೇತ ಎತ್ತಿ ಇಡುತ್ತಿದ್ದೆವು. ನಾನು ಬೋರ್ಡ್ ಹಿಡಿದರೆ ತಮ್ಮ ರೇಡಿಯೇಟರ್ ಹಿಡಿಯುತ್ತಿದ್ದ. ಒಬ್ಬರೇ ಮಾಡುವ ಕೆಲಸ ಅಲ್ಲ ಇದು. ಕೋಣೆ 32 ಡಿಗ್ರಿ ಇರುವಾಗ ಮಾತ್ರ ಅಳೆದೆ.

ಮೊದಲು 4000ಡಿ. ಮೂರರಲ್ಲಿ ಚಿಕ್ಕದು: 453 ಮಿಮೀ ಉದ್ದ, 230 ಅಗಲ, 466 ಎತ್ತರ. ಇದರ ಮೇಲ್ಭಾಗದಲ್ಲಿ 360 ಕೂರುವುದಿಲ್ಲ. 360 ಬೇಕೆಂದರೆ ಮುಂದೆಯೇ ಹಾಕಬೇಕು. ನನ್ನ ಕೂಲರ್‌ನಲ್ಲಿ ಫ್ಯಾನುಗಳು ಮೊದಲೇ ರೇಡಿಯೇಟರ್‌ಗೆ ಜೋಡಿಸಿ ಬರುತ್ತವೆ. ಹಾಗೇ ಮುಂದೆ ಕೂರಿಸಿದರೆ ಗಾಳಿ ಹೊರಕ್ಕೆ ಹೋಗುತ್ತದೆ. ಅದಕ್ಕೆ ಹನ್ನೆರಡು ಸ್ಕ್ರೂ ಬಿಚ್ಚಿ, ಮೂರೂ ಫ್ಯಾನು ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವಂತೆ ಮಾಡಿದೆವು.

ಇಲ್ಲಿ ಟ್ಯೂಬ್ ಯಾವ ಕಡೆ ಇರಬೇಕು ಎನ್ನುವುದು ಮುಖ್ಯ. ಮುಚ್ಚಿದ ಕೂಲರ್‌ನೊಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ಆ ಗಾಳಿ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಪಂಪ್ ಇರುವುದು ಪ್ರೊಸೆಸರ್ ಮೇಲೆ. ರೇಡಿಯೇಟರ್‌ನ ತಲೆ ಪಂಪ್‌ಗಿಂತ ಮೇಲಿದ್ದರೆ ಸಾಕು, ಪಂಪ್‌ಗೆ ಅಪಾಯ ಇಲ್ಲ. ಆದರೆ ಟ್ಯೂಬ್ ಮೇಲ್ತುದಿಯಲ್ಲೇ ಇದ್ದರೆ ಅಲ್ಲಿ ನಿಂತ ಗಾಳಿಯನ್ನು ನೀರು ಎಳೆದುಕೊಳ್ಳುತ್ತದೆ, ಗುಳುಗುಳು ಸದ್ದು ಬರುತ್ತದೆ. ಮೊದಲ ದಿನ ಹಾಗೇ ಆಯಿತು. ಮರುದಿನ ತಲೆಕೆಳಗು ಮಾಡಿ, ಟ್ಯೂಬ್ ಕೆಳಗೆ ಬರುವಂತೆ ಕೂರಿಸಿದೆವು. 450 ಮಿಮೀ ಟ್ಯೂಬ್ ಕಾರ್ಡಿನ ಮುಂದಿನಿಂದ ಬಳಸಿ ಬಂದು ಮುಟ್ಟಿತು. ಸದ್ದು ನಿಂತಿತು.

ಪ್ರೊಸೆಸರ್‌ಗೆ ಇದು ಒಳ್ಳೆಯ ಜಾಗ. ಹೊರಗಿನ ಗಾಳಿ ನೇರ ಸಿಗುತ್ತದೆ. ಪ್ರೊಸೆಸರ್ ಪರೀಕ್ಷಿಸುವ ಸಿನಿಬೆಂಚ್ ತಂತ್ರಾಂಶದ ಹತ್ತು ನಿಮಿಷದ ಓಟದಲ್ಲಿ 88 ಡಿಗ್ರಿಗೆ ನಿಂತಿತು. ಆದರೆ ಆ ಬಿಸಿ ಗಾಳಿಯೆಲ್ಲ ಹೋಗಿ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಎರಡೂ ಒಟ್ಟಿಗೆ ದುಡಿಯುವಾಗ ಕಾರ್ಡ್ 74ಕ್ಕೆ ಏರಿತು. ಜಾಗದ ಲೆಕ್ಕವೂ ಇದೆ. ಈ ಕ್ಯಾಬಿನೆಟ್ 360 ಮಿಮೀ ಉದ್ದದ ಕಾರ್ಡ್ ಹಿಡಿಯುತ್ತದೆ. ರೇಡಿಯೇಟರ್, ಫ್ಯಾನು ಎಲ್ಲಾ ಒಳಗೇ ಕೂತರೆ ಅದರಲ್ಲಿ 63 ಹೋಗಿ 297 ಉಳಿಯುತ್ತದೆ. ನನ್ನ ಎರಡು ಫ್ಯಾನಿನ ಕಾರ್ಡ್ 267, ಹಾಗಾಗಿ ಬಚಾವ್. ಮೂರು ಫ್ಯಾನಿನ ದೊಡ್ಡ ಕಾರ್ಡ್ ಇರುವವರು ಟೇಪ್ ಹಿಡಿದು ಅಳೆಯದೆ ಇದನ್ನು ಕೊಳ್ಳಬೇಡಿ.

ಒ11 ಡೈನಾಮಿಕ್ ಇವೋ ಬೇರೆಯೇ ಜಾತಿ. 465 ಉದ್ದ, 459 ಎತ್ತರ, ಅಗಲ ಮಾತ್ರ 285. ಅದು ಒಳಗೆ ಎರಡು ಕೋಣೆಯ ಮನೆ. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ), ವೈರುಗಳು ಹಿಂದಿನ ಕೋಣೆಯಲ್ಲಿ. ಬೋರ್ಡ್, ಕಾರ್ಡ್ ಮುಂದಿನ ಕೋಣೆಯಲ್ಲಿ. 360 ರೇಡಿಯೇಟರ್ ಮೇಲೆ, ಪಕ್ಕದಲ್ಲಿ, ಕೆಳಗೆ ಮೂರೂ ಕಡೆ ಕೂರುತ್ತದೆ. ಕೆಳಗೆ ನಾನು ಹಾಕಲಿಲ್ಲ. ಕೆಳಗೆ ಹಾಕಿದರೆ ಪಂಪ್ ಎಲ್ಲಕ್ಕಿಂತ ಎತ್ತರಕ್ಕೆ ಬರುತ್ತದೆ, ಗಾಳಿಯೆಲ್ಲ ಅಲ್ಲಿಗೇ ಸೇರುತ್ತದೆ. ಯಾರು ಹೇಳಿದರೂ ಇಂಥ ಕೂಲರನ್ನು ಕೆಳಗೆ ಹಾಕಬೇಡಿ.

ಪಕ್ಕದಲ್ಲಿ ಹಾಕಿದೆವು. ಇಷ್ಟು ಆರಾಮಾಗಿ ಕೂತ ರೇಡಿಯೇಟರನ್ನು ನಾನು ಬೇರೆಲ್ಲೂ ನೋಡಿಲ್ಲ. ಹೀಟ್‌ಸಿಂಕ್ ತಾಗುತ್ತದೆ, ರ‍್ಯಾಮ್ ತಾಗುತ್ತದೆ ಎಂಬ ಚಿಂತೆಯೇ ಇಲ್ಲ. ಕೈ ಒಳಗೆ ಹೋಗುತ್ತದೆ, ಸ್ಕ್ರೂ ಕಣ್ಣಿಗೆ ಕಾಣುತ್ತದೆ. ಪ್ರೊಸೆಸರ್ 89. ಕಾರ್ಡ್ ಮೊದಲು 71 ಇತ್ತು. ಕೆಳಗೆ ಮೂರು ಫ್ಯಾನು ಹಾಕಿದ ಮೇಲೆ 66ಕ್ಕೆ ಇಳಿಯಿತು. ಮೂರೂ ಕ್ಯಾಬಿನೆಟ್‌ಗಳಲ್ಲಿ ಕಾರ್ಡಿಗೆ ಸಿಕ್ಕ ಅತಿ ತಂಪು ಇದೇ.

ಆದರೆ ಆ ಮೂರು ಫ್ಯಾನು ಬೇರೆ ಕೊಳ್ಳಬೇಕು. ಈ ಕ್ಯಾಬಿನೆಟ್ ಒಂದೂ ಫ್ಯಾನು ಇಲ್ಲದೆ ಬರುತ್ತದೆ. ಹೊರಗೆ ಹೋಗುವ ಗಾಳಿಗೂ ಫ್ಯಾನು ಬೇಕು. ಲೆಕ್ಕ ಹಾಕುವಾಗ ಕ್ಯಾಬಿನೆಟ್ ಬೆಲೆಯ ಜೊತೆ ಐದಾರು ಫ್ಯಾನಿನ ಬೆಲೆಯನ್ನೂ ಸೇರಿಸಿ. ಇನ್ನೊಂದು, ಮುಂದೆ ಪೂರ್ತಿ ಗಾಜು. ಉಸಿರಾಟವೆಲ್ಲ ಪಕ್ಕದಿಂದ, ಕೆಳಗಿನಿಂದ. ಗೋಡೆಗೆ ಒತ್ತಿ ಇಡುವ ಹಾಗಿಲ್ಲ. ನೆಲದ ಮೇಲೆ ಇಡುವುದೂ ಬೇಡ, ಕೆಳಗಿನ ಫ್ಯಾನು ಕಸವನ್ನೆಲ್ಲ ಎಳೆಯುತ್ತದೆ. ನನ್ನ ಮೇಜು ಚಿಕ್ಕದು, 285 ಅಗಲಕ್ಕೆ ಮಾನಿಟರ್ ಸರಿಸಬೇಕಾಯಿತು. ಜಾಗ ಇದ್ದಿದ್ದರೆ ಇದನ್ನೇ ಇಟ್ಟುಕೊಳ್ಳುತ್ತಿದ್ದೆ.

ನಡುವೆ ಫ್ರಾಕ್ಟಲ್ ನಾರ್ತ್ ಕ್ಯಾಬಿನೆಟ್ ನೋಡಿ ಮನಸ್ಸು ಸೋತಿತ್ತು. ಮುಂದೆ ನಿಜವಾದ ಮರದ ಪಟ್ಟಿಗಳು, ಎಷ್ಟು ಚೆಂದ! ಆದರೆ ಅದರಲ್ಲೂ 360 ಮುಂದೆ ಮಾತ್ರ, ಮೇಲೆ 240. 4000ಡಿಯ ಕಥೆಯೇ ಮತ್ತೆ. ಫ್ರಾಕ್ಟಲ್ ಟೊರೆಂಟ್‌ನಲ್ಲಿ ಎಸ್‌ಎಂಪಿಎಸ್ ಮೇಲೆ ಕೂರುತ್ತದೆ, ಹಾಗಾಗಿ ಮೇಲೆ ರೇಡಿಯೇಟರ್ ಹಾಕುವ ಮಾತೇ ಇಲ್ಲ. ಅದು ನೀರಿಲ್ಲದೆ ಬರೀ ಗಾಳಿಯಿಂದ ಪ್ರೊಸೆಸರ್ ತಂಪಾಗಿಸುವ ಏರ್ ಕೂಲರ್ ಇರುವವರಿಗೆ.

ಈಗ 5000ಡಿ. 520 ಉದ್ದ, 245 ಅಗಲ, 520 ಎತ್ತರ. ಮುಂದೆ, ಮೇಲೆ, ಪಕ್ಕದಲ್ಲಿ, ಎಲ್ಲಿ ಬೇಕಾದರೂ 360. ನಾನು ಮೇಲೆ ಹಾಕಿದೆ. ಕೂಲರ್ ಬಂದ ಹಾಗೇ ಕೂರುತ್ತದೆ, ಫ್ಯಾನು ತಿರುಗಿಸುವ ಕೆಲಸ ಇಲ್ಲ. ಟ್ಯೂಬ್ ಗಿಡ್ಡ ದಾರಿಯಲ್ಲಿ ಇಳಿಯುತ್ತದೆ. ಗಾಳಿಗುಳ್ಳೆ ಮೇಲೆಯೇ ಉಳಿಯುತ್ತದೆ, ಪಂಪ್ ಸದಾ ಕೆಳಗೆ. ಮೇಲಿನ ಸ್ಕ್ರೂ ಸಾಲು ಬೋರ್ಡಿನಿಂದ ದೂರ, ಗಾಜಿನ ಕಡೆಗೆ ಸರಿದಿದೆ. ಅದಕ್ಕೇ ನನ್ನ 63 ಮಿಮೀ ಹಿಡಿಯಿತು.

ಹಾಗೆಂದು ಸಲೀಸಾಗಿ ಆಗಲಿಲ್ಲ. ಪ್ರೊಸೆಸರ್‌ಗೆ ಕರೆಂಟ್ ಕೊಡುವ 8 ಪಿನ್ ವೈರನ್ನು ರೇಡಿಯೇಟರ್ ಹಾಕುವ ಮೊದಲೇ ಚುಚ್ಚಬೇಕು. ಆಮೇಲೆ ಬೆರಳು ಹೋಗುವುದಿಲ್ಲ. ನಾನು ಮರೆತು ಪೂರ್ತಿ ಇಳಿಸಿ ಮತ್ತೆ ಏರಿಸಿದೆ, ಒಂದು ಗಂಟೆ ಹೋಯಿತು. ರ‍್ಯಾಮ್ ಎತ್ತರ ಕೂಡ ನೋಡಿ. ನನ್ನವು ಲೈಟ್ ಇಲ್ಲದ, 35 ಮಿಮೀ ಎತ್ತರದವು. ಬಣ್ಣದ ಲೈಟಿನ ರ‍್ಯಾಮ್‌ಗಳು 44 ಮಿಮೀ, ಕೆಲವು ಅದಕ್ಕಿಂತ ಎತ್ತರವೂ ಇರುತ್ತವೆ. ಅಂಥವು ಇದ್ದರೆ ದಪ್ಪ ರೇಡಿಯೇಟರ್ ಮೇಲೆ ಹಾಕುವ ಮೊದಲು ರಟ್ಟಿಟ್ಟು ನೋಡಲೇಬೇಕು.

ಇಲ್ಲಿ ಪ್ರೊಸೆಸರ್ 91. ಮುಂದೆ ಹಾಕಿದಾಗಿನಕ್ಕಿಂತ ಮೂರು ಡಿಗ್ರಿ ಜಾಸ್ತಿ. ಕಾರಣ ಸರಳ. ಮೇಲಿನ ರೇಡಿಯೇಟರ್‌ಗೆ ಸಿಗುವುದು ಕಾರ್ಡ್ ಬಿಟ್ಟ ಬಿಸಿ ಸೇರಿದ ಒಳಗಿನ ಗಾಳಿ. ಕಾರ್ಡ್ 68ರಲ್ಲಿ ನಿಂತಿತು, 4000ಡಿಗಿಂತ ಆರು ಡಿಗ್ರಿ ತಂಪು. ನನಗೆ ಈ ವ್ಯಾಪಾರ ಒಪ್ಪಿಗೆ. ಈ ಪ್ರೊಸೆಸರ್‌ನ ಮಿತಿ 100 ಡಿಗ್ರಿ. 88 ಆದರೂ 91 ಆದರೂ ರೆಂಡರ್ ಮುಗಿಯುವ ಸಮಯ ಒಂದೇ ಇತ್ತು. ಕಾರ್ಡ್ ತಂಪಾದಾಗ ಅದರ ಫ್ಯಾನಿನ ಸದ್ದು ಇಳಿಯಿತು. ರಾತ್ರಿ ಅದೇ ಕೋಣೆಯಲ್ಲಿ ಮಲಗುವ ನನಗೆ ಅದು ಮೂರು ಡಿಗ್ರಿಗಿಂತ ದೊಡ್ಡದು.

ಧೂಳಿನ ವಿಷಯದಲ್ಲೂ ಮೇಲೆ ಹಾಕಿದ್ದು ಒಳ್ಳೆಯದಾಯಿತು. ಮುಂದೆ ಹಾಕಿದರೆ ಹೊರಗಿನ ಧೂಳು ಮೊದಲು ಬರುವುದು ರೇಡಿಯೇಟರ್‌ಗೇ. ಫಿಲ್ಟರ್ ದಾಟಿದ ಸಣ್ಣ ಧೂಳು ತಗಡಿನ ಸಂದಿಯಲ್ಲಿ ಕೂರುತ್ತದೆ. ಈಗ ಹದಿನೈದು ದಿನಕ್ಕೊಮ್ಮೆ ಮುಂದಿನ ಫಿಲ್ಟರ್ ತೆಗೆದು ಒದರುತ್ತೇನೆ, ಅಷ್ಟೇ.

ತಮ್ಮನ 4000ಡಿಯಲ್ಲಿ ಈಗ 240 ಕೂಲರ್ ಮೇಲೆ ಕೂತಿದೆ. ಅವನ ಪ್ರೊಸೆಸರ್ ಚಿಕ್ಕದು, ಅದಕ್ಕೆ ಅಷ್ಟು ಸಾಕು. ಒ11 ವಾಪಸ್ ಭಾವಮೈದನ ಮನೆ ಸೇರಿದೆ. ಗೆಳೆಯನೊಬ್ಬ 140 ಮಿಮೀ ಫ್ಯಾನು ಮೂರು ಕೂರುವ 420 ರೇಡಿಯೇಟರ್ ಹಾಕಬೇಕು ಎನ್ನುತ್ತಿದ್ದಾನೆ. ಈ ಮೂರರ ಮೇಲ್ಭಾಗದಲ್ಲೂ ಅದು ಕೂರುವುದಿಲ್ಲ. ಫ್ರಾಕ್ಟಲ್ ಮೆಶಿಫೈ 2ರಲ್ಲಿ ಮೇಲೆ 420 ಹಿಡಿಯುತ್ತದೆ. ಆದರೆ 140 ಮಿಮೀ ಫ್ಯಾನು ಬೋರ್ಡಿನ ಮೇಲೆ ಇನ್ನಷ್ಟು ಚಾಚುತ್ತದೆ, ಕೆಳಗಿನ ಭಾಗಗಳು 35 ಮಿಮೀಗಿಂತ ಎತ್ತರ ಇರಬಾರದು. ಭಾನುವಾರ ಅವನ ಬೋರ್ಡ್ ತರಲು ಹೇಳಿದ್ದೇನೆ. ರಟ್ಟು ಹೊಸದು ಕತ್ತರಿಸಬೇಕು: 458, 138, 65.