56 ಮೊಟ್ಟೆಯ ಟೇಬಲ್ ಇನ್‌ಕ್ಯುಬೇಟರ್: ಗೌಜಲಕ್ಕಿ ಸಾಕುವವರಿಗೆ ಒಪ್ಪುತ್ತದೆಯೇ?

ಒಪ್ಪುತ್ತದೆ, ಆದರೆ ಡಬ್ಬದಿಂದ ತೆಗೆದ ಹಾಗೇ ಅಲ್ಲ. ಶಾಖ ಸರಿ ತೋರಿಸುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಮೊಟ್ಟೆ ತಟ್ಟೆ ಬದಲಿಸಬೇಕು, ಮರಿ ಹೊರಬರುವ ದಿನಕ್ಕೆ ತಳಕ್ಕೊಂದು ಒರಟು ಹಾಸು ಹಾಕಬೇಕು. ಇಷ್ಟು ಮಾಡಿಕೊಂಡರೆ ಮನೆಮಟ್ಟಕ್ಕೆ ಇದು ಒಳ್ಳೆಯ ಯಂತ್ರ. ಮಾಡಿಕೊಳ್ಳದಿದ್ದರೆ ನೂರು ಮೊಟ್ಟೆಗೆ ಇಪ್ಪತ್ತು ಮರಿಯೂ ಕೈಗೆ ಬರಲಿಕ್ಕಿಲ್ಲ.

ಮೊದಲು ಹಕ್ಕಿಯ ಮಾತು. ಅಂಗಡಿಗಳಲ್ಲಿ ಕ್ವೇಲ್ ಅಂತಲೋ ಕಾಡೆ ಅಂತಲೋ ಮಾರುವ ಜಪಾನಿ ಗೌಜಲಕ್ಕಿ 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರದ ಮೂಲಕ ನಮ್ಮ ದೇಶಕ್ಕೆ ಬಂತು. ಆರೇಳು ವಾರಕ್ಕೆಲ್ಲ ಮೊಟ್ಟೆಗೆ ಬರುತ್ತದೆ. ದಿನಕ್ಕೆ 16 ಗಂಟೆ ಬೆಳಕು, ಹೊಟ್ಟೆಗೆ 25 ಗ್ರಾಂ ಲೇಯರ್ ಫೀಡ್ (ಮೊಟ್ಟೆ ಇಡುವ ಹಕ್ಕಿಗಳ ಮೇವು) ಸಿಕ್ಕರೆ ಒಂದು ಹೆಣ್ಣು ವರ್ಷಕ್ಕೆ 250ರಿಂದ 300 ಮೊಟ್ಟೆ ಇಡುತ್ತದೆ. ಹಕ್ಕಿಯ ತೂಕ 150ರಿಂದ 180 ಗ್ರಾಂ, ಮೊಟ್ಟೆಯದು ಸುಮಾರು 10 ಗ್ರಾಂ. ಮೈತೂಕಕ್ಕೆ ಹೋಲಿಸಿದರೆ ಕೋಳಿಗಿಂತ ದೊಡ್ಡ ಮೊಟ್ಟೆ. ಇಷ್ಟು ಮೊಟ್ಟೆ ಇಡುವ ಈ ಹಕ್ಕಿ ಕಾವಿಗೆ ಮಾತ್ರ ಕೂರುವುದಿಲ್ಲ. ತಲೆಮಾರುಗಟ್ಟಲೆ ಮೊಟ್ಟೆಗಾಗಿಯೇ ಆರಿಸಿ ಬೆಳೆಸಿದ್ದರಿಂದ ಆ ಗುಣ ಹೆಚ್ಚುಕಡಿಮೆ ಅಳಿದೇ ಹೋಗಿದೆ. ನಾಟಿ ಕೋಳಿಯ ಕೆಳಗಿಟ್ಟರೆ ತೆಳು ಚಿಪ್ಪು ಅದರ ಭಾರಕ್ಕೆ ಬಿರಿಯುತ್ತದೆ. ಹಾಗಾಗಿ ಗೌಜಲಕ್ಕಿ ಸಾಕುವವರಿಗೆ ಕಾವು ಯಂತ್ರ ಐಷಾರಾಮಿಯಲ್ಲ, ಅದೇ ತಾಯಿ.

ಇಲ್ಲಿ ನೋಡುತ್ತಿರುವುದು ಹತ್ತಾರು ಹೆಸರಿನಲ್ಲಿ ಸಿಗುವ ಒಂದೇ ನಮೂನೆಯ ಯಂತ್ರ: ಪ್ಲಾಸ್ಟಿಕ್ ಮೈ, ಮೇಲೊಂದು ಪಾರದರ್ಶಕ ಮುಚ್ಚಳ, ಅದರಲ್ಲೇ ಹೀಟರ್ ಮತ್ತು ಫ್ಯಾನ್, ತಳದಲ್ಲಿ ನೀರಿನ ಎರಡು ಕಾಲುವೆ, ಎರಡು ಗಂಟೆಗೊಮ್ಮೆ ಮೊಟ್ಟೆ ಹೊರಳಿಸುವ ಚಿಕ್ಕ ಮೋಟರ್, ಉಷ್ಣಾಂಶ, ತೇವಾಂಶ ಮತ್ತು ದಿನದ ಲೆಕ್ಕ ತೋರಿಸುವ ಕಂಟ್ರೋಲರ್. ಫ್ಯಾನ್ ಇಲ್ಲದ ಥರ್ಮೋಕೋಲ್ ಪೆಟ್ಟಿಗೆಗಳೂ ಅಗ್ಗಕ್ಕೆ ಸಿಗುತ್ತವೆ. ಗೌಜಲು ಮೊಟ್ಟೆಗೆ ಅವು ಬೇಡ. ಮೇಲಿನ ಪದರದ ಗಾಳಿಗೂ ಕೆಳಗಿನ ಪದರಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಬರುತ್ತದೆ. 55 ಗ್ರಾಂ ತೂಗುವ ಕೋಳಿ ಮೊಟ್ಟೆ ಅದನ್ನು ಸ್ವಲ್ಪ ಹೊತ್ತು ತಾಳಿಕೊಂಡೀತು. 10 ಗ್ರಾಂನ ಗೌಜಲು ಮೊಟ್ಟೆ ಬೇಗ ಕಾಯುತ್ತದೆ, ಬೇಗ ಆರುತ್ತದೆ.

ಯಂತ್ರದ ದೊಡ್ಡ ದೌರ್ಬಲ್ಯ ಕಂಟ್ರೋಲರ್‌ನ ಅಂಕಿ. ಫ್ಯಾನ್ ಇರುವ ಯಂತ್ರದಲ್ಲಿ ಗೌಜಲಿಗೆ ಬೇಕಾದದ್ದು 37.5ರಿಂದ 37.7 ಡಿಗ್ರಿ ಸೆಲ್ಸಿಯಸ್. ಪರದೆಯ ಮೇಲೆ 37.6 ಎಂದು ಬಂದ ಮಾತ್ರಕ್ಕೆ ಮೊಟ್ಟೆಯ ಹತ್ತಿರ ಅಷ್ಟೇ ಇದೆ ಎನ್ನಲಾಗದು. ಸೆನ್ಸರ್ ಒಂದು ವಯರ್‌ ತುದಿಯಲ್ಲಿ ನೇತಾಡುತ್ತಿರುತ್ತದೆ. ಸಾಗಾಟದಲ್ಲಿ ಅಲುಗಿ ಹೀಟರ್ ಕಡೆ ವಾಲಿದ್ದರೆ ಅದು ಬೇಗ ಬಿಸಿಯಾಗಿ ಹೀಟರನ್ನು ಆರಿಸಿಬಿಡುತ್ತದೆ, ಮೊಟ್ಟೆಗಳು ತಣ್ಣಗೆ ಉಳಿಯುತ್ತವೆ. ಸೆನ್ಸರ್ ತುದಿ ಮೊಟ್ಟೆಗಳ ಮೇಲ್ಭಾಗದ ಮಟ್ಟಕ್ಕೆ, ಗೋಡೆಗೂ ಹೀಟರಿಗೂ ತಾಗದಂತೆ ಇರಲಿ.

ಪರೀಕ್ಷೆಗೆ ಮನೆಯಲ್ಲಿರುವ ಗಾಜಿನ ಜ್ವರದ ಥರ್ಮಾಮೀಟರೇ ಸಾಕು. ಮೊಟ್ಟೆ ಇಡುವ ಮೊದಲು ಖಾಲಿ ಯಂತ್ರವನ್ನು 24 ಗಂಟೆ ಓಡಿಸಿ. ಥರ್ಮಾಮೀಟರ್ ಒದರಿ ಪಾದರಸ ಇಳಿಸಿ, ತಟ್ಟೆಯ ನಡುವೆ ಮಲಗಿಸಿ, ಒಂದು ಗಂಟೆ ಬಿಟ್ಟು ನೋಡಿ. ಅದು ತೋರಿಸುವುದು ಆ ಗಂಟೆಯಲ್ಲಿ ಶಾಖ ಮುಟ್ಟಿದ ಅತಿ ಎತ್ತರವನ್ನು, 99.5ರಿಂದ 100 ಫ್ಯಾರನ್‌ಹೀಟ್ ಒಳಗಿದ್ದರೆ ಸರಿ. ಹೀಗೇ ನಾಲ್ಕು ಮೂಲೆಯಲ್ಲೂ ನೋಡಿ, ಪ್ರತಿ ಸಲವೂ ಒದರುವುದು ಮರೆಯಬೇಡಿ. ಫ್ಯಾನಿನಿಂದ ದೂರದ ಮೂಲೆ ಅರ್ಧ ಡಿಗ್ರಿ ತಣ್ಣಗಿರುವುದು ಇಂಥ ಯಂತ್ರಗಳಲ್ಲಿ ಮಾಮೂಲು. ಅದಕ್ಕೆ ದಿನಕ್ಕೊಮ್ಮೆ ಮೂಲೆಯ ಮೊಟ್ಟೆಗಳನ್ನು ನಡುವಿಗೆ, ನಡುವಿನವನ್ನು ಮೂಲೆಗೆ ಹಾಕಿದರೆ ಆಯಿತು. ಕೆಲವು ಯಂತ್ರಗಳು 38 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ, ಇಳಿಸಿಕೊಳ್ಳಿ.

ತೇವಾಂಶದ ಅಂಕಿಯನ್ನು ಇನ್ನೂ ಕಡಿಮೆ ನಂಬಬೇಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ, ಒಂದು ಚಿಕ್ಕ ತೇವಾಂಶ ಮಾಪಕದ ಜೊತೆ ಗಾಳಿಯಾಡದ ಜಿಪ್ ಕವರಿನಲ್ಲಿ ಎಂಟು ಗಂಟೆ ಇಟ್ಟರೆ ಮಾಪಕ 75 ತೋರಿಸಬೇಕು. 70 ತೋರಿಸಿದರೆ ಆ ಮಾಪಕಕ್ಕೆ ಐದು ಕೂಡಿಸಿ ಓದಿ, ಅದನ್ನೇ ಯಂತ್ರದೊಳಗಿಟ್ಟು ಪರದೆಯ ಅಂಕಿಯನ್ನು ತಾಳೆ ನೋಡಿ. ಮೊದಲ 14 ದಿನ 50ರಿಂದ 60, ಕೊನೆಯ ಮೂರು ದಿನ 65ರಿಂದ 70 ಇರಬೇಕು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲವಾದರೆ ಮೊದಲ ಎರಡು ವಾರ ಕಾಲುವೆಗೆ ನೀರೇ ಬೇಡವಾಗಬಹುದು. ಬಳ್ಳಾರಿ, ಕಲಬುರಗಿಯ ಏಪ್ರಿಲ್‌ನಲ್ಲಿ ಎರಡೂ ಕಾಲುವೆ ತುಂಬಿಸಿದರೂ ಸಾಲದೆ ಒದ್ದೆ ಸ್ಪಂಜು ಇಡಬೇಕಾದೀತು. ಯಂತ್ರದ ಕೈಪಿಡಿಯಲ್ಲಿ ಇದಾವುದೂ ಇರುವುದಿಲ್ಲ, ಒಂದೇ ಅಂಕಿ ಎಲ್ಲ ಊರಿಗೂ.

ಮಾಪಕಕ್ಕಿಂತ ಖಚಿತವಾದದ್ದು ತಕ್ಕಡಿ. 20 ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಮಾಡಿ ಒಟ್ಟಿಗೆ ತೂಗಿ. ಮೊದಲ ದಿನ 210 ಗ್ರಾಂ ಇದ್ದದ್ದು 14ನೇ ದಿನಕ್ಕೆ 185ರ ಆಸುಪಾಸಿಗೆ ಇಳಿದಿರಬೇಕು, ಅಂದರೆ ನೂರಕ್ಕೆ 12ರಷ್ಟು. 195ರಲ್ಲೇ ನಿಂತಿದ್ದರೆ ಒಳಗೆ ತೇವ ಹೆಚ್ಚಾಗಿದೆ, 175ಕ್ಕೆ ಬಂದಿದ್ದರೆ ಒಣಗುತ್ತಿದೆ. ಏಳನೇ ದಿನವೇ ಒಮ್ಮೆ ತೂಗಿದರೆ ತಿದ್ದಿಕೊಳ್ಳಲು ಇನ್ನೂ ಒಂದು ವಾರ ಇರುತ್ತದೆ. ಟಾರ್ಚ್ ಹಿಡಿದು ಮೊಟ್ಟೆಯ ಒಳಗನ್ನು ನೋಡುವ ಉಪಾಯ ಇಲ್ಲಿ ಅಷ್ಟು ನಡೆಯುವುದಿಲ್ಲ. ಗೌಜಲು ಮೊಟ್ಟೆಯ ಚಿಪ್ಪಿನ ಮೇಲೆ ಶಾಯಿ ಚೆಲ್ಲಿದಂತೆ ಕಪ್ಪು, ಕಂದು ಮಚ್ಚೆಗಳು ಹರಡಿರುತ್ತವೆ. ಒಂದೊಂದು ಹೆಣ್ಣಿಗೂ ಅದರದೇ ಚಿತ್ತಾರ. ಕೆಲವು ದಿನ ಗಮನಿಸಿದರೆ ಯಾವ ಮೊಟ್ಟೆ ಯಾವ ಹಕ್ಕಿಯದೆಂದು ಹೇಳಬಹುದು. ಆ ಮಚ್ಚೆಯ ಹಿಂದೆ ರಕ್ತನಾಳ ಕಾಣುವುದು ಕಷ್ಟ. ಎಂಟನೇ ದಿನ ಕತ್ತಲ ಕೋಣೆಯಲ್ಲಿ ಚುರುಕು ಎಲ್‌ಇಡಿ ಹಿಡಿದರೆ ಪೂರ್ತಿ ತಿಳಿಯಾಗಿರುವುದನ್ನು, ಅಂದರೆ ಜೀವ ಬೆಳೆಯದ್ದನ್ನು, ಬೇರೆ ಮಾಡಬಹುದು, ಅಷ್ಟೇ.

ಇನ್ನು ತಟ್ಟೆ. ಯಂತ್ರದ ಜೊತೆ ಬರುವುದು 56 ಕೋಳಿ ಮೊಟ್ಟೆಯದು. ಅದರ ಗುಂಡಿಯಲ್ಲಿ ಮೂರು ಸೆಂಟಿಮೀಟರ್ ಉದ್ದದ ಗೌಜಲು ಮೊಟ್ಟೆ ಅಡ್ಡಬಿದ್ದು ಅಲುಗಾಡುತ್ತದೆ. ಮೋಟರ್ ತಟ್ಟೆಯನ್ನು ವಾಲಿಸಿದರೂ ಮೊಟ್ಟೆ ಜಾರುತ್ತದೆಯೇ ಹೊರತು ಹೊರಳುವುದಿಲ್ಲ. ಹೊರಳದ ಮೊಟ್ಟೆಯಲ್ಲಿ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಗೌಜಲು ತಟ್ಟೆಯನ್ನು ಬೇರೆಯಾಗಿ ಮಾರುತ್ತಾರೆ. ಅದೇ ಜಾಗದಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಹಿಡಿಸುತ್ತದೆ. ಖರೀದಿಸುವಾಗ ಅದನ್ನೂ ಸೇರಿಸಿಯೇ ಬೆಲೆ ಕೇಳಿ. ಮೊಟ್ಟೆಯ ಚೂಪು ತುದಿ ಕೆಳಗೆ, ಮೊಂಡು ತುದಿ ಮೇಲೆ. ಗಾಳಿಕೋಶ ಇರುವುದು ಮೊಂಡು ತುದಿಯಲ್ಲಿ, ಮರಿ ಮೊದಲ ಉಸಿರು ತೆಗೆಯುವುದು ಅಲ್ಲಿಂದ. ಮೋಟರಿನ ಹಲ್ಲುಗಾಲಿ ಪ್ಲಾಸ್ಟಿಕ್ಕಿನದು, ತಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಸವೆದುಹೋಗುತ್ತದೆ. ಬೆಳಿಗ್ಗೆ ಒಂದು ಮೊಟ್ಟೆಯ ಮೇಲೆ ಗುರುತು ಮಾಡಿ ಎರಡು ಗಂಟೆ ಬಿಟ್ಟು ಅದು ಯಾವ ಕಡೆ ವಾಲಿದೆ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಯಂತ್ರದ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ಮೊಟ್ಟೆಯ ತಪ್ಪು. ಅಂಗಡಿಯಲ್ಲಿ ತಿನ್ನಲು ಮಾರುವ ಗೌಜಲು ಮೊಟ್ಟೆಯಲ್ಲಿ ಸಾಮಾನ್ಯವಾಗಿ ಜೀವ ಇರುವುದಿಲ್ಲ. ಮೊಟ್ಟೆ ಇಡಲು ಗಂಡು ಬೇಕಿಲ್ಲವಲ್ಲ, ಫಾರ್ಮಿನವರು ಹೆಣ್ಣುಗಳನ್ನಷ್ಟೇ ಸಾಕಿರುತ್ತಾರೆ. ಮರಿಗೆಂದು ಮೊಟ್ಟೆ ಬೇಕಿದ್ದರೆ ಎರಡು ಮೂರು ಹೆಣ್ಣಿಗೆ ಒಂದು ಗಂಡಿರುವ, 10ರಿಂದ 24 ವಾರ ವಯಸ್ಸಿನ ಹಕ್ಕಿಗಳದ್ದು ತನ್ನಿ. ಮೂರು ವಾರ ತುಂಬಿದ ಮೇಲೆ ಎದೆ ನೋಡಿಯೇ ಗುರುತಿಸಬಹುದು: ಗಂಡಿನದು ಇಟ್ಟಿಗೆ ಬಣ್ಣ, ಹೆಣ್ಣಿನದು ತಿಳಿ ಬಣ್ಣದ ಮೇಲೆ ಕಪ್ಪು ಚುಕ್ಕಿ. ಒಂದೇ ಗೂಡಿನ ಅಣ್ಣ ತಂಗಿಯರನ್ನೇ ಮತ್ತೆ ಮತ್ತೆ ಜೋಡಿ ಮಾಡಿದರೆ ಎರಡು ಮೂರು ತಲೆಮಾರಿನಲ್ಲೇ ಮರಿಯ ಲೆಕ್ಕ ಕುಸಿಯುತ್ತದೆ. ಗೌಜಲಿಗೆ ಒಳಸಂಬಂಧ ಕೋಳಿಗಿಂತ ಬೇಗ ಮುಳುವಾಗುತ್ತದೆ. ಬೇರೆ ಕಡೆಯಿಂದ ಗಂಡು ತರಲೇಬೇಕು. ಇವು ಕೋಳಿಯ ಹಾಗೆ ಬೆಳಿಗ್ಗೆಯಲ್ಲ, ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಮೊಟ್ಟೆ ಇಡುತ್ತವೆ. ಕತ್ತಲಾದ ಮೇಲೆ ಒಮ್ಮೆ ಮೊಟ್ಟೆಗಳನ್ನು ಆಯ್ದು ತೆಗೆದುಬಿಡಿ. ರಾತ್ರಿಯಿಡೀ ಬಿಟ್ಟರೆ ತುಳಿದು ಬಿರುಕು ಬಿಡುತ್ತವೆ.

ಕೂಡಿಟ್ಟ ಮೊಟ್ಟೆ ಏಳು ದಿನ ಮೀರಬಾರದು. ಫ್ರಿಜ್ ತೀರಾ ತಣ್ಣಗೆ, ಅಡುಗೆಮನೆಯ ಕಟ್ಟೆ ತೀರಾ ಬಿಸಿ. 15ರಿಂದ 18 ಡಿಗ್ರಿ ಬೇಕು. ಬೇಸಿಗೆಯಲ್ಲಿ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆ ಅದಕ್ಕೆ ಆದಷ್ಟು ಹತ್ತಿರ ಬರುತ್ತದೆ. ಹಿಕ್ಕೆ ಅಂಟಿದ ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆಯಬೇಡಿ. ಒಳಗಿನ ಅಂಶ ಕುಗ್ಗಿ, ಚಿಪ್ಪಿನ ರಂಧ್ರದಿಂದ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಸ್ಸಿನಲ್ಲಿ ಬಂದ ಮೊಟ್ಟೆಗಳನ್ನು ಒಂದು ದಿನ ಅಲುಗಾಡಿಸದೆ ಬಿಟ್ಟು ಆಮೇಲೆ ಯಂತ್ರಕ್ಕೆ ಹಾಕಿ.

14ನೇ ದಿನ ಮುಗಿಯುತ್ತಲೇ ತಟ್ಟೆ ತೆಗೆದು ಮೊಟ್ಟೆಗಳನ್ನು ತಳದ ಜಾಲರಿಯ ಮೇಲೆ ಮಲಗಿಸಬೇಕು. ಹೊರಳಿಸುವುದು ನಿಲ್ಲಿಸಿ, ತೇವಾಂಶ ಏರಿಸಿ. ಈ ಯಂತ್ರದ ಜಾಲರಿ ಕೋಳಿಮರಿಯ ಅಳತೆಗೆ ಮಾಡಿದ್ದು. ಹುಟ್ಟಿದ ಗೌಜಲು ಮರಿ ಏಳೆಂಟು ಗ್ರಾಂ, ಹೆಬ್ಬೆರಳ ತುದಿಯಷ್ಟು. ಕಾಲು ಕಂಡಿಯಲ್ಲಿ ಇಳಿದು ಸಿಕ್ಕಿಕೊಳ್ಳುತ್ತದೆ, ಇಲ್ಲವೇ ನುಣುಪು ಪ್ಲಾಸ್ಟಿಕ್ ಮೇಲೆ ಜಾರಿ ಎರಡೂ ಕಾಲು ಅಗಲಿಹೋಗುತ್ತವೆ. ಹಾಗಾದ ಮರಿ ಏಳುವುದು ಅಪರೂಪ. 1990ರಲ್ಲಿ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಜಪಾನಿ ಗೌಜಲು ಮೊಟ್ಟೆಗಳು ಒಡೆದು ಮರಿಗಳು ಬಂದವು, ಆದರೆ ತೂಕವಿಲ್ಲದ ಆ ಜಾಗದಲ್ಲಿ ಹಿಡಿತ ಸಿಗದೆ ಒದ್ದಾಡಿದವು. ಮೊದಲ ದಿನ ಕಾಲಿಗೆ ಹಿಡಿತ ಎಷ್ಟು ಮುಖ್ಯ ಎನ್ನುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಅಡುಗೆಮನೆ ಕಪಾಟಿಗೆ ಹಾಸುವ ರಂಧ್ರದ ರಬ್ಬರ್ ಶೀಟನ್ನು ಅಳತೆಗೆ ಕತ್ತರಿಸಿ ಜಾಲರಿಯ ಮೇಲೆ ಹಾಸಿ. ನ್ಯೂಸ್‌ಪೇಪರ್ ಬೇಡ. ನೀರಿನ ಕಾಲುವೆ ಎಲ್ಲಾದರೂ ತೆರೆದಿದ್ದರೆ ಸೊಳ್ಳೆಪರದೆಯ ತುಂಡಿನಿಂದ ಮುಚ್ಚಿ.

16ನೇ ದಿನದ ರಾತ್ರಿಗೋ 17ರ ಬೆಳಿಗ್ಗೆಗೋ ಮೊಂಡು ತುದಿಯ ಹತ್ತಿರ ಎಳ್ಳುಕಾಳಿನಷ್ಟು ಬಿರುಕು ಕಾಣುತ್ತದೆ. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಮರಿ ಒಳಗೆ ಸುತ್ತುತ್ತಾ ಡಬ್ಬಿಯ ಮುಚ್ಚಳ ಕತ್ತರಿಸಿದಂತೆ ಚಿಪ್ಪನ್ನು ಸುತ್ತಲೂ ಕೊರೆದು ತಳ್ಳಿ ಹೊರಬರುತ್ತದೆ. ಒಂದು ಬಂದರೆ ಅದರ ಕೂಗಿಗೆ ಉಳಿದವೂ ಚುರುಕಾಗುತ್ತವೆ. ಈ ಹೊತ್ತಿನಲ್ಲಿ ಮುಚ್ಚಳ ತೆಗೆಯಲೇಬಾರದು. ಒಂದು ಸಲ ತೆರೆದರೂ ತೇವ ಆರಿ, ಅರ್ಧ ಕೊರೆದ ಮರಿಯ ಸುತ್ತ ಪೊರೆ ಕಾಗದದಂತೆ ಬಿಗಿದು ಅದು ಅಲ್ಲೇ ಉಳಿಯುತ್ತದೆ. ಹೊಟ್ಟೆಯೊಳಗೆ ಹಳದಿಯ ಬಾಕಿ ಇರುವುದರಿಂದ ಒಣಗಿದ ಮರಿಗಳು 24 ಗಂಟೆ ನೀರು ಮೇವಿಲ್ಲದೆ ಇರಬಲ್ಲವು. ಪಾರದರ್ಶಕ ಮುಚ್ಚಳ ಈ ಯಂತ್ರದ ದೊಡ್ಡ ಗುಣವಾಗುವುದು ಇಲ್ಲಿಯೇ: ತೆರೆಯದೆ ನೋಡಬಹುದು.

20ನೇ ದಿನ ಮುಗಿದರೂ ಒಡೆಯದವನ್ನು ಒಡೆದು ನೋಡಿ, ಬಿಸಾಡುವ ಮುನ್ನ. ತಿಳಿಯಾಗಿದ್ದರೆ ಗಂಡಿನ ಕೊರತೆ ಅಥವಾ ಹಳೇ ಮೊಟ್ಟೆ. ಸಣ್ಣ ರಕ್ತದ ಉಂಗುರ ಇದ್ದರೆ ಕೂಡಿಡುವಾಗಿನ ಬಿಸಿ ಅಥವಾ ಮೊದಲ ದಿನಗಳ ಶಾಖದ ಏರುಪೇರು. ಪೂರ್ತಿ ಬೆಳೆದು, ಮೈ ಉಬ್ಬಿ ನೀರಾಗಿ ಸತ್ತಿದ್ದರೆ ಎರಡು ವಾರವೂ ತೇವ ಜಾಸ್ತಿಯಾಗಿತ್ತು. ಮರಿಗಳು 16ಕ್ಕೂ ಮೊದಲೇ ಬಂದು ಹೊಕ್ಕುಳು ಕೂಡದೆ ರಕ್ತ ಕಂಡರೆ ಶಾಖ ಹೆಚ್ಚು. 19 ದಾಟಿ ಒಂದೊಂದಾಗಿ ಸೋತು ಬಂದರೆ ಕಡಿಮೆ. ಒಳ್ಳೆಯ ಮೊಟ್ಟೆಗೆ ನೂರಕ್ಕೆ 65ರಿಂದ 70 ಮರಿ ಬಂದರೆ ಈ ದರ್ಜೆಯ ಯಂತ್ರಕ್ಕೆ ಅದು ಚೆನ್ನಾದ ಫಲ.

ಕರೆಂಟು ಹೋಗುವ ಊರಿನವರು 12 ವೋಲ್ಟ್ ಬ್ಯಾಟರಿಗೂ ಒಗ್ಗುವ ಮಾದರಿಯನ್ನೇ ಕೊಳ್ಳಿ. ತೆಳು ಗೋಡೆಯ ಪ್ಲಾಸ್ಟಿಕ್ ಮೈ ಶಾಖ ಹಿಡಿದಿಡುವುದಿಲ್ಲ, ಚಳಿಗಾಲದ ರಾತ್ರಿ ಬೇಗನೆ ಆರುತ್ತದೆ. ಅಂಥ ಹೊತ್ತಿನಲ್ಲಿ ಮುಚ್ಚಳ ತೆರೆಯದೆ, ಗಾಳಿರಂಧ್ರ ಬಿಟ್ಟು ಉಳಿದೆಡೆ ಕಂಬಳಿ ಹೊದಿಸಿ. ವೋಲ್ಟೇಜ್ ಏರಿಳಿತಕ್ಕೆ ಮೊದಲು ಸುಡುವುದು ಕಂಟ್ರೋಲರ್ ಬೋರ್ಡು. ಸ್ಟೆಬಿಲೈಸರ್ ಇಲ್ಲದೆ ಹಾಕಬೇಡಿ, ಅಂಗಡಿಯವರಲ್ಲಿ ಬಿಡಿ ಬೋರ್ಡು, ಫ್ಯಾನ್, ಮೋಟರ್ ಸಿಗುತ್ತದೆಯೇ ಎಂದು ಹಣ ಕೊಡುವ ಮುಂಚೆ ಕೇಳಿ. ಬೋರ್‌ವೆಲ್ಲಿನ ಗಡಸು ನೀರು ಕಾಲುವೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಆರ್‌ಒ ಫಿಲ್ಟರ್ ನೀರೇ ಹಾಕಿ. ಪ್ರತಿ ತಂಡದ ನಂತರ ಚಿಪ್ಪು, ತುಪ್ಪಳ ತೆಗೆದು ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ವಯರ್ ಇರುವ ಮುಚ್ಚಳಕ್ಕೆ ಒದ್ದೆ ಬಟ್ಟೆ ಮಾತ್ರ.

ವಾರಕ್ಕೆ ಐನೂರು ಮರಿ ಮಾರುವ ಆಲೋಚನೆ ಇದ್ದವರಿಗೆ ಇದಲ್ಲ. ಅವರಿಗೆ ಕಾವು ಕೊಡುವ ಸೆಟ್ಟರ್, ಮರಿ ಹೊರಬರುವ ಹ್ಯಾಚರ್ ಬೇರೆ ಬೇರೆ ಇರುವ ಕ್ಯಾಬಿನೆಟ್ ಬೇಕು. 30–40 ಹಕ್ಕಿ ಇಟ್ಟುಕೊಂಡು ತಮ್ಮ ಹಿಂಡನ್ನು ತಾವೇ ಮುಂದುವರಿಸುವವರು ಕೊಳ್ಳಬಹುದು. ಹೊಲದ ಬದುವಿನಲ್ಲಿ ಸಿಕ್ಕಿದ ಕಾಡು ಗೌಜಲಿನ ಮೊಟ್ಟೆ ಮಾತ್ರ ಇದಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮರಿ ಬರುವ ಮುನ್ನಾದಿನವೇ ಬ್ರೂಡರ್ (ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆ) ಹೊತ್ತಿಸಿ 35ರಿಂದ 37 ಡಿಗ್ರಿಗೆ ತಂದಿಟ್ಟುಕೊಳ್ಳಿ, ನೀರಿನ ತಟ್ಟೆಗೆ ಗೋಲಿ ಅಥವಾ ಬೆಣಚುಕಲ್ಲು ತುಂಬಿಸಿ; ಅರ್ಧ ಸೆಂಟಿಮೀಟರ್ ನೀರಿನಲ್ಲೂ ಈ ಮರಿಗಳು ಮುಳುಗುತ್ತವೆ.