ಲೆಗೋ ಕ್ಲಾಸಿಕ್ 10698: ಮತ್ತೆ ಇಟ್ಟಿಗೆ ಹಿಡಿಯುವ ದೊಡ್ಡವರಿಗೆ ಈ ಹಳದಿ ಡಬ್ಬ ಸಾಕೇ?

ಚಿಕ್ಕಂದಿನಲ್ಲಿ ಲೆಗೋದ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ, ಹೈಸ್ಕೂಲಿನ ಹೊತ್ತಿಗೆ ಬಿಟ್ಟು, ಈಗ ಮತ್ತೆ ಆ ಕಡೆ ಮನಸ್ಸು ಹೊರಳಿದವರ ಕಣ್ಣಿಗೆ ಅಂಗಡಿಯಲ್ಲಿ ಮೊದಲು ಬೀಳುವುದು ಈ ಹಳದಿ ಡಬ್ಬವೇ. 2015ರಲ್ಲಿ ಬಂದದ್ದು. ಒಳಗೆ 790 ಬಿಡಿಭಾಗಗಳು, 33 ಬಣ್ಣ, ಒಂದಿಷ್ಟು ಬಾಗಿಲು-ಕಿಟಕಿ, ಚಕ್ರಗಳು, ಎರಡು ಹಸಿರು ಪ್ಲೇಟು (ತೆಳ್ಳಗಿನ ಚಪ್ಪಟೆ ಭಾಗ). ಲೆಗೋದ ಹೆಚ್ಚಿನ ಸೆಟ್ಟುಗಳು ಎರಡು-ಮೂರು ವರ್ಷಕ್ಕೆ ತಯಾರಿಕೆ ನಿಂತು ಮಾಯವಾದರೆ ಇದು ವರ್ಷಾನುಗಟ್ಟಲೆ ಉಳಿದುಕೊಂಡಿದೆ. ಭಾಗಗಳ ಗುಣಮಟ್ಟದಲ್ಲಿ ಎರಡು ಮಾತಿಲ್ಲ. ಆದರೂ ದೊಡ್ಡವರು ಮೊದಲು ಕೊಳ್ಳಬೇಕಾದ್ದು ಇದಲ್ಲ.

ಲೆಕ್ಕ ಹಾಕಿ ನೋಡಿ. 790 ಭಾಗವನ್ನು 33 ಬಣ್ಣಕ್ಕೆ ಹಂಚಿದರೆ ಸರಾಸರಿ ಒಂದು ಬಣ್ಣಕ್ಕೆ 24. ಆ 24ರಲ್ಲೇ ಸಣ್ಣ ಇಟ್ಟಿಗೆ, ದೊಡ್ಡ ಇಟ್ಟಿಗೆ, ಇಳಿಜಾರು, ಪ್ಲೇಟು ಎಲ್ಲವೂ ಬರಬೇಕು. ಮಕ್ಕಳಿಗೆ ಇದು ಅಡ್ಡಿಯಲ್ಲ. ಅವರ ಕೋಟೆಗೆ ಒಂದು ಕಡೆ ಗುಲಾಬಿ, ಒಂದು ಕಡೆ ನೀಲಿ ಇದ್ದರೂ ನಡೆಯುತ್ತದೆ. ದೊಡ್ಡವರಿಗೆ ಬೇಕಾಗುವುದು ಒಂದೇ ಬಣ್ಣದ ಗೋಡೆ, ಅದಕ್ಕೊಪ್ಪುವ ಮಾಡು. 16×12 ಸ್ಟಡ್ಡಿನ (ಇಟ್ಟಿಗೆಯ ತಲೆಯ ಮೇಲಿನ ಗುಂಡು ಉಬ್ಬು) ಒಂದು ಪುಟ್ಟ ಮನೆ ಅಂದುಕೊಳ್ಳಿ. ಗೋಡೆಯ ದಪ್ಪ ಒಂದೇ ಸ್ಟಡ್ಡು. ಸುತ್ತಳತೆ 52 ಸ್ಟಡ್ಡು, ಅಂದರೆ ಒಂದು ವರಸೆಗೆ 1×4 ಇಟ್ಟಿಗೆ 13. ಎಂಟು ವರಸೆ ಏರಿಸಲು 104. ಬಾಗಿಲು-ಕಿಟಕಿಯ ಜಾಗ ಕಳೆದರೂ 75-80 ಇಟ್ಟಿಗೆ ಬೇಕೇ ಬೇಕು. ಈ ಡಬ್ಬದ ಯಾವ ಬಣ್ಣದಲ್ಲೂ ಅಷ್ಟಿಲ್ಲ. ಮೂರನೇ ವರಸೆಗೆ ಗೋಡೆಯಲ್ಲಿ ತೇಪೆ ಶುರುವಾಗುತ್ತದೆ. ಹವ್ಯಾಸಕ್ಕೆ ಮರಳಿದವರು ಉತ್ಸಾಹ ಕಳೆದುಕೊಳ್ಳುವುದು ಬಹುಮಟ್ಟಿಗೆ ಇಲ್ಲೇ.

ಇದರ ಪಕ್ಕಕ್ಕೆ 2023ರ ಕ್ರಿಯೇಟರ್ 31139, ಕೋಜಿ ಹೌಸ್, ಇಟ್ಟು ನೋಡಬೇಕು. ಅದರಲ್ಲಿ 808 ಭಾಗ, ಅಂದರೆ ಹೆಚ್ಚುಕಮ್ಮಿ ಇಷ್ಟೇ. ಅವೇ ಭಾಗಗಳಿಂದ ಒಂದಾದ ಮೇಲೊಂದು ಮೂರು ಮನೆ ಕಟ್ಟಬಹುದು. ಬಣ್ಣಗಳು ಕಡಿಮೆ, ಹಾಗಾಗಿ ಒಂದೊಂದು ಬಣ್ಣದಲ್ಲೂ ಗೋಡೆಗಾಗುವಷ್ಟು ಇಟ್ಟಿಗೆ ಇರುತ್ತದೆ. ಅದಕ್ಕಿಂತ ದೊಡ್ಡ ಲಾಭ ಅದರ ಕೈಪಿಡಿ. ಎಂಬತ್ತು-ತೊಂಬತ್ತರ ದಶಕದ ಸೆಟ್ಟುಗಳಲ್ಲಿ ಹೆಚ್ಚಾಗಿ ಎಲ್ಲ ಸ್ಟಡ್ಡುಗಳೂ ಮೇಲ್ಮುಖ. ಈಗ ಪಕ್ಕದಲ್ಲಿ ಸ್ಟಡ್ ಇರುವ ಇಟ್ಟಿಗೆ ಹಾಕಿ, ಅದಕ್ಕೆ ಪ್ಲೇಟನ್ನೋ ನುಣುಪಾದ ಟೈಲನ್ನೋ ಅಡ್ಡಲಾಗಿ ಸಿಕ್ಕಿಸಿ ಗೋಡೆಯ ಮುಖ ತೀಡುತ್ತಾರೆ. ಈ ಪಟ್ಟು ಬಿಡಿ ಇಟ್ಟಿಗೆಯ ರಾಶಿಯಿಂದ ತಾನಾಗಿ ಹೊಳೆಯುವುದು ಕಷ್ಟ. ಹಂತ ಹಂತವಾಗಿ ಕಟ್ಟಿದರೆ ಕೈಗೆ ಹತ್ತುತ್ತದೆ. 31139 ಸಿಗದಿದ್ದರೆ ಅದೇ ಸರಣಿಯ 'ಒಂದರಲ್ಲಿ ಮೂರು' ಎಂದು ಗುರುತಿರುವ ಇನ್ನಾವುದೇ ಮನೆಯ ಸೆಟ್ ಆದೀತು.

ಅಡ್ಡ ಜೋಡಣೆಗೆ ಇಳಿದ ಮೇಲೆ ಕೆಲವು ಅಳತೆ ಬಾಯಿಪಾಠ ಇರಲಿ. ಸ್ಟಡ್ಡಿನಿಂದ ಸ್ಟಡ್ಡಿಗೆ 8 ಮಿ.ಮೀ. ಸ್ಟಡ್ ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿ.ಮೀ. ಪ್ಲೇಟಿನದು 3.2, ಮೂರು ಪ್ಲೇಟು ಸೇರಿದರೆ ಒಂದು ಇಟ್ಟಿಗೆ. ಎಡವುವುದು ಎಲ್ಲಿ ಅಂದರೆ, ಎರಡು ಸ್ಟಡ್ ಅಗಲದ ಸಂದಿಗೆ ಎರಡು ಇಟ್ಟಿಗೆ ಮಲಗಿಸಲು ಹೋದಾಗ. ಸಂದಿ 16 ಮಿ.ಮೀ., ಇಟ್ಟಿಗೆಗಳು 19.2. ಒಂದು ಇಟ್ಟಿಗೆ, ಎರಡು ಪ್ಲೇಟು ಹಾಕಿದರೆ ಕರಾರುವಾಕ್ಕಾಗಿ 16. ಐದು ಪ್ಲೇಟಾದರೂ ಅಷ್ಟೇ. ಹಿಡಿಸದ್ದನ್ನು ಒತ್ತಿ ಕೂರಿಸಿದರೆ ಗೋಡೆ ಉಬ್ಬುತ್ತದೆ, ಕೆಲವು ದಿನದಲ್ಲಿ ಮೂಲೆಯ ಇಟ್ಟಿಗೆ ಬಿಟ್ಟುಕೊಳ್ಳುತ್ತದೆ.

ಹಾಗಾದರೆ 10698 ಯಾರಿಗೆ? ಅಟ್ಟದ ಮೇಲೆ ಹಳೆಯ ಲೆಗೋ ಇರುವವರಿಗೆ. ಒಳಗೆ ಕೊಳವೆ ಇರುವ ಈಗಿನ ವಿನ್ಯಾಸ 1958ರದು, ಎಬಿಎಸ್ ಪ್ಲಾಸ್ಟಿಕ್ ಬಂದದ್ದು 1963ರಲ್ಲಿ. ಅಳತೆ ಬದಲಾಗಿಲ್ಲ, ಹಾಗಾಗಿ ತೊಂಬತ್ತರ ದಶಕದ ಇಟ್ಟಿಗೆ ಇಂದಿನದರ ಮೇಲೆ ಗಟ್ಟಿಯಾಗಿಯೇ ಕೂರುತ್ತದೆ. ಬಣ್ಣ ಮಾತ್ರ ಬದಲಾಗಿದೆ. 2004ರ ಸುಮಾರಿಗೆ ಬೂದು ಬಣ್ಣಕ್ಕೆ ನೀಲಿ ಛಾಯೆ ಬಂತು, ಕಂದಿಗೆ ಕೆಂಪು ಛಾಯೆ. ಹಳೆಯ ಬೂದು, ಹೊಸ ಬೂದು ಒಂದೇ ಗೋಡೆಗೆ ಹಾಕಿದರೆ ಎದ್ದು ಕಾಣುತ್ತದೆ. ಹಳೆಯದನ್ನು ಬಂಡೆ, ಪಾಯ, ಒಳಗೋಡೆಗೆ ಬಳಸಿ. ಕೆಂಪು ಮಿಶ್ರಿತ ಕಂದಿನ ಹಳೆಯ ಭಾಗಗಳನ್ನು ಎಳೆಯುವಾಗ ಜೋಪಾನ. ಅವು ಬಿರುಕು ಬಿಡುವುದಕ್ಕೆ ಹೆಸರಾದವು.

ಅಟ್ಟದಿಂದ ಇಳಿಸಿದ್ದನ್ನು ತೊಳೆಯುವ ಕ್ರಮ ಹೀಗೆ. ಸ್ಟಿಕರ್ ಇರುವುದನ್ನೂ ಮೋಟಾರು, ವೈರು ಇರುವುದನ್ನೂ ಮೊದಲೇ ಬೇರೆ ಮಾಡಿ. 40 ಡಿಗ್ರಿ ಸೆಲ್ಸಿಯಸ್ ಮೀರದ ನೀರು, ಸ್ವಲ್ಪ ಸೌಮ್ಯ ಸೋಪು, ಮೆತ್ತನೆಯ ಬ್ರಷ್. ವಾಷಿಂಗ್ ಮೆಷಿನ್, ಹೇರ್ ಡ್ರೈಯರ್ ಬೇಡ. ಬಿಸಿಗೆ ಇಟ್ಟಿಗೆ ಸೊಟ್ಟಗಾದರೆ ಹಿಡಿತ ಹೋಯಿತು ಅಂತಲೇ ಲೆಕ್ಕ. ಕೊಳವೆಯೊಳಗೆ ನೀರು ನಿಲ್ಲುವುದರಿಂದ ಬೋರಲು ಹಾಕಿ ನೆರಳಲ್ಲಿ ಪೂರ್ತಿ ಒಣಗಿಸಿ, ಮಳೆಗಾಲದಲ್ಲಾದರೆ ಫ್ಯಾನಿನ ಕೆಳಗೆ. ಬಿಳಿ ಇಟ್ಟಿಗೆ ಹಳದಿಗಟ್ಟಿದ್ದರೆ 3% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ಕೆಲವು ಗಂಟೆ ಬಿಸಿಲಿಗಿಟ್ಟರೆ ಬಹುಪಾಲು ಬಿಳುಪು ಬರುತ್ತದೆ. ಪಾತ್ರೆಯ ಮುಚ್ಚಳ ಬಿಗಿಯಬೇಡಿ, ಕೈಗವಸು ಮರೆಯಬೇಡಿ. ವರ್ಷ ಕಳೆದಂತೆ ಹಳದಿ ಮರಳಬಹುದು.

ಈ ಡಬ್ಬದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗ ಆ ಎರಡು ಹಸಿರು ಪ್ಲೇಟು. ಬೇರೆಯಾಗಿ ಮಾರುವ 32×32ರ ತೆಳು ಬೇಸ್‌ಪ್ಲೇಟಿನ ತಳ ಸಪಾಟು, ಅದರಡಿ ಏನನ್ನೂ ಸಿಕ್ಕಿಸಲಾಗದು. ಇವುಗಳ ತಳದಲ್ಲಿ ಕೊಳವೆಗಳಿವೆ, ಹಾಗಾಗಿ ಮಹಡಿಗೂ ಆಗುತ್ತವೆ. 8×16ರ ಎರಡು ಪ್ಲೇಟು ಪಕ್ಕಪಕ್ಕ ಇಟ್ಟರೆ 16×16 ನಿವೇಶನ. ಮೇಲೆ ಹೇಳಿದ ಮನೆ ಕೂತು ಮುಂದೆ ನಾಲ್ಕು ಸ್ಟಡ್ಡಿನ ಅಂಗಳ ಉಳಿಯುತ್ತದೆ. ಗೋಡೆ ಏಳುವ ಮೊದಲೇ ನಡುವಿನ ಸಂದಿಯ ಮೇಲೆ ಅಡ್ಡ ಪ್ಲೇಟು ಬಿಗಿಯಿರಿ, ಇಲ್ಲದಿದ್ದರೆ ಎತ್ತಿದ ಕೂಡಲೇ ಮನೆ ಇಬ್ಭಾಗ. ಗಾರೆ ಕೆಲಸದವರು ಸಂದಿನ ಮೇಲೆ ಸಂದು ಬಾರದಂತೆ ವರಸೆ ತಪ್ಪಿಸಿ ಕಟ್ಟುವ ಹಾಗೆ ಇಲ್ಲೂ ಪ್ರತಿ ವರಸೆಯನ್ನು ಎರಡು ಸ್ಟಡ್ ಸರಿಸಿ ಕಟ್ಟಬೇಕು, ಮೂಲೆಯಲ್ಲಂತೂ ತಪ್ಪದೆ.

ಬಿಚ್ಚುವುದಕ್ಕೆ ಕಿತ್ತಳೆ ಬಣ್ಣದ ಸಪರೇಟರ್ ಕೈಗೆ ಸಿಗುವಂತಿರಲಿ. ಒಂದೇ ಅಳತೆಯ ಎರಡು ಪ್ಲೇಟು ಕಚ್ಚಿಕೊಂಡರೆ ಎರಡು ಸಪರೇಟರ್ ಬೇಕು: ಒಂದು ಮೇಲೆ, ಒಂದು ಕೆಳಗೆ ಸಿಕ್ಕಿಸಿ ಹಿಡಿಗಳನ್ನು ಒಂದರ ಕಡೆಗೊಂದು ಒತ್ತಬೇಕು. ಹಲ್ಲು, ಚಾಕು ಹಾಕಿದ ಗುರುತು ಎಂದೂ ಮಾಸದು.

ಬೆಲೆಯ ವಿಷಯ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ 20%ರಿಂದ 60%ಕ್ಕೆ, 2023ರಲ್ಲಿ 70%ಕ್ಕೆ ಏರಿತು. ಇಲ್ಲಿ ಲೆಗೋ ದುಬಾರಿಯಾಗಿರುವುದಕ್ಕೆ ಅದೊಂದು ದೊಡ್ಡ ಕಾರಣ. ಅಮೆರಿಕದಿಂದಲೋ ಸಿಂಗಪುರದಿಂದಲೋ ಬರುವ ನೆಂಟರಿಗೆ ಹೇಳುವುದಾದರೆ 10698 ಹೇಳಬೇಡಿ. ಗಟ್ಟಿ ಡಬ್ಬ ಸೂಟ್‌ಕೇಸಿನ ಜಾಗವನ್ನೆಲ್ಲ ನುಂಗುತ್ತದೆ. ಕ್ರಿಯೇಟರ್ ಸೆಟ್ಟಾದರೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಚೀಲಗಳನ್ನು ಬಟ್ಟೆಯ ನಡುವೆ ಸೇರಿಸಿ ತರಬಹುದು. ಕೈಪಿಡಿ ಸುಕ್ಕಾದರೂ ಚಿಂತೆಯಿಲ್ಲ, ಸೆಟ್ ಸಂಖ್ಯೆ ಹಾಕಿದರೆ ಲೆಗೋ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ನಿಮ್ಮ ಚಿಕ್ಕಂದಿನ ಸೆಟ್ಟಿನದೂ ಅಲ್ಲಿ ಇದ್ದೀತು, ಹುಡುಕಿ.

ಒಂದೇ ಬಣ್ಣದ ನೂರು ಇಟ್ಟಿಗೆ ಬೇಕಾದಾಗ ಬ್ರಿಕ್‌ಲಿಂಕ್ ಇದೆ, ಬಿಡಿಭಾಗ ಮಾರುವ ಹಲವು ಅಂಗಡಿಗಳು ಸೇರಿರುವ ಜಾಲತಾಣ. ಅಲ್ಲಿ ಪ್ರತಿ ಅಂಗಡಿಯೂ ಬೇರೆ ಬೇರೆಯಾಗಿ ಅಂಚೆ ವೆಚ್ಚ ಹಾಕುತ್ತದೆ. ಬೇಕಾದ್ದನ್ನೆಲ್ಲ ಪಟ್ಟಿ ಮಾಡಿ ಒಂದೇ ಅಂಗಡಿಯಿಂದ ತರಿಸಿ. ಸ್ಥಳೀಯವಾಗಿ ಬಳಸಿದ ಇಟ್ಟಿಗೆ ಕೊಳ್ಳುವಾಗ ಸ್ಟಡ್ಡಿನ ತಲೆ ನೋಡಿ: ಅಸಲಿ ಆದರೆ ಲೆಗೋ ಎಂಬ ಅಕ್ಷರ ಪ್ರತಿಯೊಂದರ ಮೇಲೂ ಅಚ್ಚಾಗಿರುತ್ತದೆ. ಅಗ್ಗದ ನಕಲುಗಳು ನಾಲ್ಕು ವರಸೆಯವರೆಗೆ ಸರಿಯಾಗಿಯೇ ಕೂರಬಹುದು. ಕೂದಲೆಳೆಯಷ್ಟು ವ್ಯತ್ಯಾಸ ವರಸೆ ವರಸೆಗೂ ಕೂಡಿಕೊಂಡು, ಹತ್ತಾಗುವ ಹೊತ್ತಿಗೆ ಎರಡು ಗೋಡೆಯ ಎತ್ತರ ಹೊಂದದೆ ಮಾಡು ಕೂರುವುದಿಲ್ಲ.

ಕೊನೆಯದಾಗಿ, ಹಳದಿ ಡಬ್ಬದಲ್ಲೇ ಎಲ್ಲವನ್ನೂ ಸುರಿದಿಡಬೇಡಿ. ಬಣ್ಣದ ಪ್ರಕಾರವೂ ವಿಂಗಡಿಸಬೇಡಿ. ಕೆಂಪು ರಾಶಿಯಲ್ಲಿ ಕೆಂಪು 1×1 ಹುಡುಕುವುದು ತಲೆನೋವು. 1×1ಗಳ ರಾಶಿಯಲ್ಲಿ ಕೆಂಪನ್ನು ಕಣ್ಣು ತಾನೇ ಹಿಡಿಯುತ್ತದೆ. ಆಕಾರಕ್ಕೊಂದು ಪಾರದರ್ಶಕ ಡಬ್ಬಿ, ಬಿಸಿಲು ಬೀಳದ ಕಪಾಟಿನಲ್ಲಿ. ಶುರುವಿಗೆ ಆರು ಡಬ್ಬಿ ಸಾಕು: ಒಂದು ಸ್ಟಡ್ ಅಗಲದ ಇಟ್ಟಿಗೆ, ಎರಡು ಸ್ಟಡ್ ಅಗಲದ್ದು, ಪ್ಲೇಟು, ಇಳಿಜಾರು, ಬಾಗಿಲು-ಕಿಟಕಿ-ಚಕ್ರ, ಚಿಲ್ಲರೆ. ಪ್ಲೇಟಿನ ಡಬ್ಬಿ ಎಲ್ಲಕ್ಕಿಂತ ಮೊದಲು ತುಂಬುತ್ತದೆ, ಅದನ್ನು ದೊಡ್ಡದೇ ತನ್ನಿ.