ಜರ್ಮನಿಯಲ್ಲಿ ಪಿಆರ್: ಬ್ಲೂ ಕಾರ್ಡ್ ದಾರಿಯೋ, ಸಾಮಾನ್ಯ ಪರ್ಮಿಟ್ ದಾರಿಯೋ?

ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಮುಂದೆ ಅಲ್ಲೇ ನೆಲೆಸುವ ಆಸೆಯೂ ಇದೆ. ಹಾಗಿದ್ದರೆ ಯಾವ ಪರ್ಮಿಟ್ ಮೇಲೆ ಹೋಗುತ್ತೀರಿ ಅನ್ನೋದನ್ನು ಹೊರಡುವ ಮೊದಲೇ ನೋಡಿಕೊಳ್ಳಿ.

ಇಯು ಬ್ಲೂ ಕಾರ್ಡ್ (ಹೆಚ್ಚು ಓದಿದ ಹೊರದೇಶದವರಿಗೆ ಕೊಡುವ ಯುರೋಪ್ ಒಕ್ಕೂಟದ ಕೆಲಸದ ಪರ್ಮಿಟ್) ಇದ್ದವರು 27 ತಿಂಗಳು ದುಡಿದ ಮೇಲೆ ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಪರ್ಮಿಟ್, ಕೇಳಬಹುದು. ಜರ್ಮನ್ ಭಾಷೆ ಎ1 ಮಟ್ಟಕ್ಕಿದ್ದರೆ (ತೀರಾ ಆರಂಭದ ಹಂತ) ಸಾಕು. ಬಿ1 (ದಿನನಿತ್ಯದ ಮಾತುಕತೆ ನಡೆಸುವ ಮಧ್ಯಮ ಹಂತ) ಪಾಸಾದರೆ 21 ತಿಂಗಳಿಗೇ ಆಗುತ್ತದೆ. ನುರಿತ ಕೆಲಸಗಾರರ ಸಾಮಾನ್ಯ ಪರ್ಮಿಟ್‌ನಲ್ಲಿ 36 ತಿಂಗಳು ಬೇಕು, ಬಿ1 ಬೇಕೇ ಬೇಕು. ಜರ್ಮನಿಯಲ್ಲೇ ಓದಿದವರಿಗೆ ಮಾತ್ರ ಇದು 24 ತಿಂಗಳು. ಎರಡರಲ್ಲೂ ಪಿಂಚಣಿ ಕಂತು ಕಟ್ಟಿರಬೇಕು.

ಬ್ಲೂ ಕಾರ್ಡ್‌ಗೆ ಸಂಬಳದ ಮಿತಿ ಇದೆ. 2025ರಲ್ಲಿ ಅದು ವರ್ಷಕ್ಕೆ 48,300 ಯೂರೋ ಇತ್ತು. ಐಟಿಯಂಥ, ಜನ ಸಾಲದ ಕೆಲಸಗಳಿಗೆ ಸುಮಾರು 43,760 ಇತ್ತು. ಆಫರ್‌ನ ಸಂಬಳ ಸ್ವಲ್ಪದರಲ್ಲೇ ಈ ಮಿತಿ ತಪ್ಪುತ್ತಿದ್ದರೆ ಸುಮ್ನೆ ಸಹಿ ಹಾಕಬೇಡಿ, ಸಂಬಳ ಜಾಸ್ತಿ ಕೇಳಿ. ಮದುವೆಯಾದವರಿಗೆ ಇನ್ನೊಂದು ಲಾಭ: ಬ್ಲೂ ಕಾರ್ಡ್ ಇದ್ದವರ ಗಂಡ ಅಥವಾ ಹೆಂಡತಿ ವೀಸಾಗೆ ಮೊದಲೇ ಜರ್ಮನ್ ಪರೀಕ್ಷೆ ಬರೆಯಬೇಕಿಲ್ಲ.

ನನ್ನ ಮಟ್ಟಿಗೆ ಬ್ಲೂ ಕಾರ್ಡೇ ವಾಸಿ. ಆದರೆ ಎ1ಗೇ ನಿಲ್ಲಬೇಡಿ. ಬಿ1 ಮಾಡಿದರೆ ಆರು ತಿಂಗಳು ಉಳಿಯುತ್ತದೆ, ಅಕ್ಕಪಕ್ಕದವರ ಜೊತೆ ಮಾತೂ ಬರುತ್ತದೆ ಅಲ್ವಾ? ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈಗಲೇ ಜರ್ಮನ್ ಕ್ಲಾಸಿಗೆ ಸೇರಿಕೊಳ್ಳಿ.